ಸೇವೆ, ಸುದ್ದಿ ಮತ್ತು ಮ್ಯಾಗ್ಸೆಸೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯ ಈ ಅಂಕಣದಲ್ಲಿ, ಕಮಲಾದೇವಿ ಚಟ್ಟೋಪಾಧ್ಯಾಯ ಅವರು ಮಂಗಳೂರಿನಲ್ಲಿ ಹುಟ್ಟಿದವರೆಂದೂ ಏಷ್ಯಾದಲ್ಲಿ ಜನಸೇವೆ ಮಾಡಿದವರಿಗೆ ಫಿಲಿಪ್ಪೀನ್ಸಿನ ಮನಿಲಾದಿಂದ ಕೊಡುವ ಮ್ಯಾಗ್ಸೆಸೆ ಪ್ರಶಸ್ತಿ ಅವರಿಗೆ ಬಂದಿತ್ತೆಂದೂ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೆ. ಆ ಒಂದು ಸಾಲಿಗೆ ಕರಾವಳಿಯ ಹಲವು ಊರುಗಳಿಂದ ಪತ್ರಗಳು ಬಂದಿವೆ. ಎಲ್ಲವೂ ಒಂದೇ ವಿಷಯಕ್ಕೆ ಸೇರಿದವಾದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಕಮಲಾದೇವಿಯವರು ನಮ್ಮ ಮಂಗಳೂರಿನವರೆಂದು ತರಗತಿಯಲ್ಲಿ ಹೇಳಿದಾಗ, ಹೆಸರು ಬಂಗಾಳದ್ದಾಗಿದೆಯಲ್ಲ ಎಂದು ಮಕ್ಕಳು ಕೇಳಿದರು. ಅವರಿಗೆ ಯಾವ ಕೆಲಸಕ್ಕಾಗಿ ಈ ಪ್ರಶಸ್ತಿ ಬಂತು? ನಮ್ಮ ಕಡೆಯ ಬೇರೆ ಯಾರಿಗಾದರೂ ಬಂದಿದೆಯೇ? (ಕಾರ್ಕಳದ ಒಬ್ಬ ಶಿಕ್ಷಕಿ)

ಉತ್ತರ: ಚಟ್ಟೋಪಾಧ್ಯಾಯ ಎಂಬುದು ಪತಿಯ ಮನೆಯ ಹೆಸರು. ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥರನ್ನು ಅವರು ಮದುವೆಯಾಗಿದ್ದರು. ತವರಿನ ಹೆಸರು ಧಾರೇಶ್ವರ. ಮಂಗಳೂರಿನ ಸಾರಸ್ವತ ಕುಟುಂಬ. ಹುಟ್ಟಿದ್ದು 1903ರ ಏಪ್ರಿಲ್ 3ರಂದು. ಅವರು ಏಳು ವರ್ಷದವರಿದ್ದಾಗ ತಂದೆ ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿ, ತನಗೆಂದು ಗೊತ್ತುಮಾಡಿದ ತಿಂಗಳ ಭತ್ಯೆಯನ್ನು ನಿರಾಕರಿಸಿ, ತವರಿನಿಂದ ತಂದದ್ದರಲ್ಲೇ ಮಕ್ಕಳನ್ನು ಸಾಕಿದರು. ಹೆಣ್ಣಿನ ಕೈಯಲ್ಲಿ ಸ್ವಂತ ದುಡಿಮೆಯ ಹಣ ಇರಬೇಕೆಂದು ಕಮಲಾದೇವಿಯವರು ಜೀವನವಿಡೀ ಹಿಡಿದ ಹಟದ ಬೇರು ಈ ಮನೆಯಲ್ಲೇ ಇದೆಯೆಂದು ನಾನು ನಂಬುತ್ತೇನೆ.

1926ರಲ್ಲಿ ಅವರು ಮದರಾಸು ಪ್ರಾಂತ್ಯದ ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಮತಗಳ ಅಂತರದಿಂದ ಸೋತರು. ಹೆಣ್ಣೊಬ್ಬಳು ಶಾಸನಸಭೆಯ ಚುನಾವಣೆಗೆ ನಿಲ್ಲುವುದನ್ನು ದೇಶ ಅದುವರೆಗೆ ಕಂಡಿರಲಿಲ್ಲ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಪಾಲಿರಬೇಕೆಂದು ಗಾಂಧೀಜಿಯವರನ್ನು ಒಪ್ಪಿಸಿದವರಲ್ಲಿ ಅವರು ಮುಖ್ಯರು. ಮುಂಬಯಿಯಲ್ಲಿ ಉಪ್ಪಿನ ಪೊಟ್ಟಣ ಮಾರಿ ಸೆರೆಮನೆಗೂ ಹೋದರು. ಆದರೆ 1966ರಲ್ಲಿ ಸಮುದಾಯ ನಾಯಕತ್ವ ವಿಭಾಗದ ಮ್ಯಾಗ್ಸೆಸೆ ಪ್ರಶಸ್ತಿ ಅವರಿಗೆ ಸಂದದ್ದು ಮುಖ್ಯವಾಗಿ ಸ್ವಾತಂತ್ರ್ಯಾನಂತರದ ಕೆಲಸಕ್ಕೆ. ದೇಶ ಒಡೆದು ವಾಯವ್ಯ ಗಡಿಪ್ರಾಂತ್ಯದಿಂದ ಬಂದ ಸುಮಾರು 50,000 ನಿರಾಶ್ರಿತರು ದೆಹಲಿಯ ಸಮೀಪದ ಫರೀದಾಬಾದಿನಲ್ಲಿ ತಮ್ಮ ದುಡಿಮೆಯಿಂದಲೇ ಊರು ಕಟ್ಟಿಕೊಳ್ಳುವಂತೆ, 1948ರಲ್ಲಿ ಸ್ಥಾಪಿಸಿದ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಮೂಲಕ ಅವರು ನಿಂತು ನಡೆಸಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾದ ಮೇಲೆ, ಗಿರಣಿ ಮಾಲಿನ ಮುಂದೆ ಕಣ್ಮರೆಯಾಗುತ್ತಿದ್ದ ನೇಕಾರರು, ಕುಂಬಾರರು, ಬುಟ್ಟಿ ಹೆಣೆಯುವವರು ಮುಂತಾದವರ ಮನೆಬಾಗಿಲಿಗೆ ಹೋಗಿ, ಅವರ ಕಸುಬಿಗೆ ಮಾರುಕಟ್ಟೆಯನ್ನು ಹುಡುಕಿಕೊಟ್ಟರು. ಇದೇ ಯೂನಿಯನ್ನಿನಲ್ಲಿ ಅವರೊಡನೆ ದುಡಿದ ಲಕ್ಷ್ಮೀಚಂದ್ ಜೈನ್ ಅವರಿಗೆ 1989ರಲ್ಲಿ ಇದೇ ಪ್ರಶಸ್ತಿ ಬಂತು. ಅದು ಸಾರ್ವಜನಿಕ ಸೇವೆಯ ವಿಭಾಗದಲ್ಲಿ. ಒಂದೇ ಕೆಲಸದಲ್ಲಿ ಹೆಗಲು ಕೊಟ್ಟ ಇಬ್ಬರು ಎರಡು ವಿಭಾಗಗಳಲ್ಲಿ ಪ್ರಶಸ್ತಿ ಪಡೆದರೆಂದ ಮೇಲೆ ಈ ವಿಭಾಗಗಳ ನಡುವಿನ ಗೋಡೆ ಎಷ್ಟು ತೆಳುವೆಂದು ಮಕ್ಕಳಿಗೆ ಹೇಳಬಹುದು.

ನಮ್ಮ ಕಡೆಯ ಎರಡನೆಯವರು ಹರೀಶ್ ಹಂದೆ, 2011ರಲ್ಲಿ. ಮೂಲ ಉಡುಪಿ ಜಿಲ್ಲೆಯ ಹಂದಟ್ಟು. ಬೆಳೆದದ್ದು ಒಡಿಶಾದ ರೂರ್ಕೆಲಾದಲ್ಲಿ. ಖರಗ್‌ಪುರದ ಐಐಟಿಯಲ್ಲಿಯೂ ಅಮೆರಿಕದಲ್ಲಿಯೂ ಓದಿ ಬಂದು 1995ರಲ್ಲಿ ಸೌರವಿದ್ಯುತ್ತಿನ ಸೆಲ್ಕೋ ಸಂಸ್ಥೆಯನ್ನು ಕಟ್ಟಲು ತೊಡಗಿದವರು. ಸೌರದೀಪ ಶ್ರೀಮಂತರ ವಸ್ತು ಎಂಬ ಮಾತನ್ನು ಅವರು ಒಪ್ಪಲಿಲ್ಲ. ತಿಂಗಳಿಗೆ 300 ರೂಪಾಯಿ ಕಟ್ಟುವುದು ಕಷ್ಟ, ದಿನಕ್ಕೆ 10 ರೂಪಾಯಿಯಾದರೆ ಕಟ್ಟಬಹುದು ಎಂದು ಬೀದಿಬದಿಯ ವ್ಯಾಪಾರಿಯೊಬ್ಬರಿಂದ ಕಲಿತ ಪಾಠವನ್ನು ಅವರು ತಮ್ಮ ಭಾಷಣಗಳಲ್ಲಿ ಹೇಳುವುದುಂಟು. ನಮ್ಮ ಓದುಗರಿಗೆ ಈ ಲೆಕ್ಕ ಹೊಸದೇನೂ ಅಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಿಂದಲೇ ಮನೆಮನೆಗೆ ಬಂದು ದಿನಕ್ಕೆ ಎರಡೆರಡು ಆಣೆಯ ಪಿಗ್ಮಿ ಉಳಿತಾಯ ಎತ್ತಿದ್ದು ಇದೇ ತಿಳುವಳಿಕೆಯಿಂದ. ದಿನಗೂಲಿಯವರ ಕೈಗೆ ಹಣ ಬರುವುದು ಹೇಗೋ ಅದಕ್ಕೆ ಸರಿಯಾಗಿ ಸಾಲದ ಕಂತು ಇರಬೇಕು, ದೀಪ ಕೆಟ್ಟರೆ ರಿಪೇರಿಯವರು ಮನೆಗೇ ಬರಬೇಕು ಎಂಬ ಎರಡು ಮಾತಿನ ಮೇಲೆ ಹಂದೆಯವರ ಕೆಲಸ ನಿಂತಿದೆ.

ಪ್ರಶ್ನೆ: ಫಿಲಿಪ್ಪೀನ್ಸ್ ದೇಶದ ಒಬ್ಬ ರಾಜಕಾರಣಿಯ ಹೆಸರಿನ ಪ್ರಶಸ್ತಿಗೆ ನಾವು ಇಷ್ಟು ಬೆಲೆ ಕೊಡುವುದು ಏಕೆ? (ಬಂಟ್ವಾಳದ ನಿವೃತ್ತ ಬ್ಯಾಂಕ್ ಉದ್ಯೋಗಿ)

ಉತ್ತರ: ರಾಮೋನ್ ಮ್ಯಾಗ್ಸೆಸೆ 1953ರ ಡಿಸೆಂಬರ್ ಕೊನೆಯಿಂದ ಆ ದೇಶದ ಅಧ್ಯಕ್ಷರಾಗಿದ್ದವರು. ಅಧ್ಯಕ್ಷರ ಅರಮನೆಯ ಬಾಗಿಲನ್ನು ಸಾಮಾನ್ಯ ಜನರಿಗೆ ತೆರೆದರೆಂಬುದು ಅವರ ಬಗ್ಗೆ ಇಂದಿಗೂ ಉಳಿದಿರುವ ಮಾತು. 1957ರ ಮಾರ್ಚ್ 17ರಂದು ಸೆಬು ದ್ವೀಪದ ಮನುಂಗಲ್ ಬೆಟ್ಟಕ್ಕೆ ಅವರ ವಿಮಾನ ಅಪ್ಪಳಿಸಿತು. ಒಳಗಿದ್ದವರಲ್ಲಿ ಬದುಕಿ ಉಳಿದದ್ದು ನೆಸ್ಟರ್ ಮಾಟಾ ಎಂಬ ಒಬ್ಬ ಪತ್ರಕರ್ತ ಮಾತ್ರ. ಅದೇ ವರ್ಷ ಅಮೆರಿಕದ ರಾಕ್‌ಫೆಲ್ಲರ್ ಸಹೋದರರ ನಿಧಿಯ ನೆರವಿನಿಂದ ಪ್ರಶಸ್ತಿ ಸ್ಥಾಪನೆಯಾಯಿತು. ಮೊದಲ ಬಾರಿ ಕೊಟ್ಟದ್ದು 1958ರಲ್ಲಿ. ಸಮುದಾಯ ನಾಯಕತ್ವಕ್ಕಾಗಿ ಆ ವರ್ಷವೇ ವಿನೋಬಾ ಭಾವೆಯವರಿಗೆ ಬಂತು. ಭೂದಾನಕ್ಕಾಗಿ ಕಾಲ್ನಡಿಗೆಯಲ್ಲಿ ಹಳ್ಳಿ ಹಳ್ಳಿ ಸುತ್ತುತ್ತಿದ್ದ ಒಬ್ಬರನ್ನು ಮನಿಲಾದ ಸಮಿತಿ ಮೊದಲ ವರ್ಷವೇ ಗುರುತಿಸಿತ್ತು. ನಾವು ಬೆಲೆ ಕೊಡುವುದು ಇಂಥ ಆಯ್ಕೆಗಳಿಗೆ. ಹೆಸರು ಯಾರದ್ದು ಎಂಬುದು ಅದರ ನಂತರದ ಮಾತು.

ಪ್ರಶ್ನೆ: ನಾನು ಪತ್ರಿಕೋದ್ಯಮದ ವಿದ್ಯಾರ್ಥಿ. ಪತ್ರಿಕೋದ್ಯಮ, ಸಾಹಿತ್ಯ, ಸಂವಹನ ಕಲೆ ಇವನ್ನೆಲ್ಲ ಒಂದೇ ವಿಭಾಗದಲ್ಲಿ ಸೇರಿಸಿದ್ದು ಸರಿಯೇ? ನಮ್ಮ ದೇಶದ ಯಾವ ಪತ್ರಕರ್ತರಿಗೆ, ಯಾವ ಬಗೆಯ ಬರಹಕ್ಕೆ ಪ್ರಶಸ್ತಿ ಬಂದಿದೆ? (ಮಂಗಳೂರಿನ ಒಬ್ಬ ವಿದ್ಯಾರ್ಥಿ)

ಉತ್ತರ: 2008ರವರೆಗೆ ಆ ವಿಭಾಗ ಹಾಗೆಯೇ ಇತ್ತು. 2009ರಿಂದ ಯುವ ನಾಯಕತ್ವವೊಂದನ್ನು ಉಳಿಸಿ ಮಿಕ್ಕ ವಿಭಾಗಗಳನ್ನು ಕೈಬಿಡಲಾಗಿದೆ. ಸೇರಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ, ಮತ್ತು ಇದನ್ನು ಮಂಗಳೂರಿನ ವಿದ್ಯಾರ್ಥಿ ಕೇಳಿದ್ದರಿಂದ ನನಗೆ ಸಂತೋಷವಾಗಿದೆ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಬಂದದ್ದು ಇದೇ ಊರಿನಲ್ಲಿ, 1843ರ ಜುಲೈ 1ರಂದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಮುದ್ರಿಸಿ ತಂದ ಆ ಪಾಕ್ಷಿಕದಲ್ಲಿ ಊರಿನ ಸುದ್ದಿಯೂ ಸರ್ಕಾರದ ಕಾನೂನಿನ ವಿವರವೂ ಒಟ್ಟಿಗೇ ಇರುತ್ತಿದ್ದವು. ಓದಲು ಬಂದವನು ಬಾರದವನಿಗೆ ಓದಿ ಹೇಳಬೇಕಾಗಿದ್ದ ಆ ಕಾಲದಲ್ಲಿ ಇದು ಸುದ್ದಿ, ಇದು ಸೇವೆ ಎಂದು ಗೆರೆ ಎಳೆಯುವುದು ಸಾಧ್ಯವಿರಲಿಲ್ಲ. ಮ್ಯಾಗ್ಸೆಸೆ ಸಮಿತಿ ಆರಿಸಿದ ಪತ್ರಕರ್ತರನ್ನು ಒಬ್ಬೊಬ್ಬರನ್ನಾಗಿ ನೋಡಿದರೆ, ಅವರೂ ಅಂಥ ಗೆರೆ ಎಳೆಯದವರೇ.

ಈ ವಿಭಾಗದಲ್ಲಿ ಭಾರತಕ್ಕೆ ಮೊದಲು ಬಂದದ್ದು 1961ರಲ್ಲಿ, ಕಲ್ಕತ್ತೆಯ ಜುಗಾಂತರ್ ಪತ್ರಿಕೆಯ ಅಮಿತಾಭ ಚೌಧುರಿ ಅವರಿಗೆ. ಅಧಿಕಾರಸ್ಥರಿಂದ ಸಾಮಾನ್ಯ ಮನುಷ್ಯನ ಹಕ್ಕಿಗೆ ಎಲ್ಲಿ ಧಕ್ಕೆ ಬಂದಿದೆಯೆಂದು ತನಿಖೆ ಮಾಡಿ ಬರೆಯುವುದು ಅವರ ಕೆಲಸವಾಗಿತ್ತು. ಅವರು ಬರೆದದ್ದು ಬಂಗಾಳಿಯಲ್ಲಿ ಎಂಬುದನ್ನು ನೀವು ಗುರುತು ಹಾಕಿಕೊಳ್ಳಬೇಕು. 1981ರಲ್ಲಿ ಪ್ರಶಸ್ತಿ ಪಡೆದ ಗೌರಕಿಶೋರ ಘೋಷ್ ಅವರೂ ಬಂಗಾಳಿ ಬರಹಗಾರರೇ. 1975ರ ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳ ಮೇಲೆ ಸೆನ್ಸಾರ್ ಬಂದಾಗ ಅವರು ತಲೆ ಬೋಳಿಸಿಕೊಂಡು ಪ್ರತಿಭಟಿಸಿ ಜೈಲಿಗೆ ಹೋದರು. ಆಪ್ತರು ತೀರಿಕೊಂಡಾಗ ತಲೆ ಬೋಳಿಸುವ ನಮ್ಮ ಸಮಾಜದಲ್ಲಿ ಆ ಸಂಕೇತ ಏನೆಂದು ಯಾರಿಗೂ ವಿವರಿಸಬೇಕಾಗಿರಲಿಲ್ಲ. 2019ರಲ್ಲಿ ರವೀಶ್ ಕುಮಾರ್ ಅವರಿಗೆ ಬಂದದ್ದು ಹಿಂದಿಯ ಟಿವಿ ಪತ್ರಿಕೋದ್ಯಮಕ್ಕೆ. ಕನ್ನಡ ದಿನಪತ್ರಿಕೆಯ ವರದಿಗಾರರೊಬ್ಬರಿಗೆ ಇದು ಇನ್ನೂ ಬಂದಿಲ್ಲ. ನಿಮ್ಮ ತಲೆಮಾರು ಇದನ್ನು ಕೊರತೆಯೆಂದು ಭಾವಿಸದೆ ಖಾಲಿ ಇರುವ ಸ್ಥಾನವೆಂದು ಭಾವಿಸಲಿ ಎಂಬುದು ನನ್ನ ಆಸೆ.

ಬಿ. ಜಿ. ವರ್ಗೀಸ್ ಅವರಿಗೆ ಬಂದದ್ದು 1975ರಲ್ಲಿ. ಹಿಂದೂಸ್ತಾನ್ ಟೈಮ್ಸ್ ಸಂಪಾದಕರಾಗಿದ್ದಾಗ ಅವರು ದೆಹಲಿಗೆ ಸಮೀಪದ ಛತೇರಾ ಎಂಬ ಹಳ್ಳಿಯೊಂದನ್ನು ಆರಿಸಿಕೊಂಡು, ಆ ಒಂದು ಹಳ್ಳಿಯ ಬದುಕಿನ ವರದಿಯನ್ನು ಪತ್ರಿಕೆಯಲ್ಲಿ ವರ್ಷಗಟ್ಟಲೆ ಪ್ರಕಟಿಸಿದರು. ರಾಜಧಾನಿಯ ಇಂಗ್ಲಿಷ್ ಪತ್ರಿಕೆಯೊಂದು ತನ್ನ ಓದುಗರಿಗೆ ಒಂದು ಊರಿನ ಬಾವಿ, ಶಾಲೆ, ಸಾಲದ ಕತೆಯನ್ನು ಬಿಡದೆ ಹೇಳುವುದು ಸಾಮಾನ್ಯ ಸಂಗತಿಯಲ್ಲ. ನೆರೆ ಬಂದ ದಿನ ಹಳ್ಳಿಗೆ ಹೋಗಿ ಸಂಜೆ ಹಿಂದಿರುಗುವ ವರದಿಗಾರನಿಗೆ ನೀರು ಕಾಣುತ್ತದೆ. ಪರಿಹಾರದ ಹಣ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದು ಕಾಣಬೇಕಾದರೆ ಆರು ತಿಂಗಳು ಬಿಟ್ಟು ಇನ್ನೊಮ್ಮೆ ಹೋಗಬೇಕು. 2007ರಲ್ಲಿ ಪ್ರಶಸ್ತಿ ಪಡೆದ ಪಿ. ಸಾಯಿನಾಥ್ ಅವರ ಬರಹವೆಲ್ಲ ನಿಂತಿರುವುದು ಹೀಗೆ ಮತ್ತೆ ಮತ್ತೆ ಹೋಗುವುದರ ಮೇಲೆಯೇ. ದೇಶದ ಅತಿ ಬಡ ಜಿಲ್ಲೆಗಳಲ್ಲಿ ತಿಂಗಳುಗಟ್ಟಲೆ ಇದ್ದು, ಬರಗಾಲವನ್ನು ಕೇವಲ ಮಳೆಯ ಸುದ್ದಿಯಾಗಿ ಅಲ್ಲದೆ ಸಾಲ, ಕೂಲಿ, ಗುಳೆ ಮತ್ತು ಸರ್ಕಾರಿ ಯೋಜನೆಗಳ ಸುದ್ದಿಯಾಗಿ ಅವರು ಬರೆದರು. 2014ರ ಕೊನೆಯಲ್ಲಿ ಅವರು ಆರಂಭಿಸಿದ ಗ್ರಾಮೀಣ ವರದಿಗಳ ಜಾಲತಾಣ ಪರಿ ಕನ್ನಡದಲ್ಲಿಯೂ ಓದಲು ಸಿಗುತ್ತದೆ. ವಿದ್ಯಾರ್ಥಿಯಾದ ನೀವು ಅದನ್ನು ಓದಲೇಬೇಕು.

ಆರ್. ಕೆ. ಲಕ್ಷ್ಮಣ್ ಅವರ ವ್ಯಂಗ್ಯಚಿತ್ರಗಳಿಗೆ 1984ರಲ್ಲಿ ಬಂತು. ಮೈಸೂರಿನಲ್ಲಿ ಹುಟ್ಟಿದವರು. ಅವರ ಚಿತ್ರಗಳು ಹರಿತವಾಗಿದ್ದೂ ದ್ವೇಷದಿಂದ ದೂರವಿದ್ದವೆಂಬುದನ್ನು ಸಮಿತಿ ವಿಶೇಷವಾಗಿ ಎತ್ತಿ ಹೇಳಿತ್ತು.

ಇನ್ನು ಇದೇ ವಿಭಾಗದಲ್ಲಿ 1991ರಲ್ಲಿ ಪ್ರಶಸ್ತಿ ಪಡೆದ ಕೆ. ವಿ. ಸುಬ್ಬಣ್ಣನವರ ಬಳಿಗೆ ಬರುತ್ತೇನೆ. ಸಾಗರ ತಾಲ್ಲೂಕಿನ ಹೆಗ್ಗೋಡು, ಘಟ್ಟ ಹತ್ತಿದರೆ ನಮಗೆ ದೂರವೇನೂ ಅಲ್ಲ. 1949ರಲ್ಲಿ ಊರಿನ ಹವ್ಯಾಸಿಗಳು ಕಟ್ಟಿದ ನೀನಾಸಮ್ ಎಂಬ ನಾಟಕ ಸಂಘವನ್ನು ಅವರು ಸಿನಿಮಾ ಸಮಾಜವಾಗಿ, ರಂಗಶಿಕ್ಷಣ ಕೇಂದ್ರವಾಗಿ, 1985ರಿಂದ ನಾಡೆಲ್ಲ ಸುತ್ತುವ ತಿರುಗಾಟವಾಗಿ ಬೆಳೆಸಿದರು. ಅಡಿಕೆ ತೋಟದ ನಡುವಿನ ಆ ಹಳ್ಳಿಯ ಜನ ಜಗತ್ತಿನ ಒಳ್ಳೆಯ ಸಿನಿಮಾಗಳನ್ನು ನೋಡಿ, ಅವುಗಳ ಬಗ್ಗೆ ಕೂತು ಮಾತಾಡಿದರು. ಅಲ್ಲಿನ ರಂಗಮಂದಿರಕ್ಕೆ ನಮ್ಮ ಕೋಟದ ಶಿವರಾಮ ಕಾರಂತರ ಹೆಸರಿದೆ. ಸುಬ್ಬಣ್ಣ ವರದಿಗಾರರಲ್ಲ, ನಿಜ. ಆದರೆ ಸಾವಿರ ಜನರಿರುವ ಊರಿಗೆ ಹೊರಗಿನ ಲೋಕವನ್ನು ತಂದು ಮುಟ್ಟಿಸಿ, ಆ ಊರಿನ ಮಾತನ್ನು ಹೊರಲೋಕಕ್ಕೆ ಮುಟ್ಟಿಸುವುದು ಪತ್ರಿಕೆಯ ಕೆಲಸವಲ್ಲದೆ ಇನ್ನೇನು? ಪತ್ರಿಕೋದ್ಯಮವನ್ನು ಬೇರೆಯಾಗಿಟ್ಟಿದ್ದರೆ ಸುಬ್ಬಣ್ಣನವರಂಥವರಿಗೆ ಆ ಪಟ್ಟಿಯಲ್ಲಿ ಸ್ಥಳವೇ ಇರುತ್ತಿರಲಿಲ್ಲ.

ಪ್ರಶ್ನೆ: ಕೃಷಿ ಬರವಣಿಗೆಯನ್ನು ಯಾರೂ ಪತ್ರಿಕೋದ್ಯಮವೆಂದು ಎಣಿಸುವುದಿಲ್ಲ. ಅಂತರರಾಷ್ಟ್ರೀಯ ಪ್ರಶಸ್ತಿಯವರ ಕಣ್ಣಿಗೆ ಅದು ಬೀಳುತ್ತದೆಯೇ? (ಪುತ್ತೂರಿನ ಒಬ್ಬ ಕೃಷಿಕರು)

ಉತ್ತರ: ಬಿದ್ದಿದೆ, ಅದೂ 1974ರಷ್ಟು ಹಿಂದೆ. ಫಿಲಿಪ್ಪೀನ್ಸಿನ ಝಕರಿಯಾಸ್ ಸರಿಯಾನ್ ಎಂಬವರು ಕೃಷಿ ಪತ್ರಿಕೆಗಳ ಸಂಪಾದಕರಾಗಿ ಮಾಡಿದ ಕೆಲಸಕ್ಕೆ ಪತ್ರಿಕೋದ್ಯಮ ವಿಭಾಗದಲ್ಲೇ ಮ್ಯಾಗ್ಸೆಸೆ ಪಡೆದರು. ರೈತನಿಗೆ ಉಪಯೋಗವಾಗುವ ಹಾಗೆ, ತಪ್ಪಿಲ್ಲದೆ, ಓದಿಸಿಕೊಳ್ಳುವಂತೆ ಬರೆಯುವುದು ಎಂಥ ಕಷ್ಟದ ಕೆಲಸವೆಂದು ನಿಮ್ಮ ಊರಿನವರಿಗೆ ಯಾರೂ ಹೇಳಬೇಕಾಗಿಲ್ಲ. 1988ರಿಂದ ಪುತ್ತೂರಿನಲ್ಲಿ ಹೊರಬರುತ್ತಿರುವ ಅಡಿಕೆ ಪತ್ರಿಕೆ, ಶ್ರೀಪಡ್ರೆಯವರ ಸಂಪಾದಕತ್ವದಲ್ಲಿ, ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಮದ್ದು ಸಿಂಪಡಿಸಿ ಫಲವಾಯಿತೋ ಇಲ್ಲವೋ ಎಂಬುದನ್ನು ತೋಟದವರೇ ಬರೆದಾಗ, ಆ ಬರಹದಲ್ಲಿ ತಪ್ಪಿದ್ದರೆ ಮರುದಿನವೇ ನೆರೆಯ ತೋಟದವರು ಬಂದು ಕೇಳುತ್ತಾರೆ. ಇದಕ್ಕಿಂತ ಬಿಗಿಯಾದ ಸಂಪಾದಕೀಯ ಪರಿಶೀಲನೆಯನ್ನು ನಾನು ಕಂಡಿಲ್ಲ. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ; ಆದರೆ ಈ ಬರವಣಿಗೆಯನ್ನು ಎಣಿಸದೆ ಬಿಟ್ಟವರು ನಮ್ಮ ನಗರಗಳ ಸಂಪಾದಕರೇ ಹೊರತು ಮನಿಲಾದವರಲ್ಲ.

ಪ್ರಶ್ನೆ: ಎಂ. ಎಸ್. ಸುಬ್ಬುಲಕ್ಷ್ಮಿ ಅವರಿಗೆ ಸಾರ್ವಜನಿಕ ಸೇವೆಯ ವಿಭಾಗದಲ್ಲಿ ಪ್ರಶಸ್ತಿ ಬಂದಿತ್ತೆಂದು ಓದಿದೆ. ಇದು ಅಚ್ಚಿನ ತಪ್ಪಲ್ಲವೇ? (ಉಡುಪಿಯ ಒಬ್ಬ ಸಂಗೀತಾಭ್ಯಾಸಿ)

ಉತ್ತರ: ತಪ್ಪಲ್ಲ. 1974ರಲ್ಲಿ ಅವರಿಗೆ ಬಂದದ್ದು ಸಾರ್ವಜನಿಕ ಸೇವೆಗಾಗಿಯೇ. ದಶಕಗಳ ಕಾಲ ಅವರು ಆಸ್ಪತ್ರೆ, ಶಾಲೆ, ಅನಾಥಾಲಯ ಮುಂತಾದ ಧರ್ಮಕಾರ್ಯಗಳಿಗಾಗಿ ಹಾಡಿ, ಕಛೇರಿಗಳಿಂದ ಬಂದ ಹಣವನ್ನು ಅವುಗಳಿಗೇ ಒಪ್ಪಿಸಿದರು. ಇದೇ ವಿಭಾಗದಲ್ಲಿ 1965ರಲ್ಲಿ ಜಯಪ್ರಕಾಶ ನಾರಾಯಣ, 1985ರಲ್ಲಿ ಕುಷ್ಠರೋಗಿಗಳ ನಡುವೆ ಬಾಳಿದ ಬಾಬಾ ಆಮ್ಟೆ, 1997ರಲ್ಲಿ ಗಂಗೆಯ ಮಾಲಿನ್ಯದ ವಿರುದ್ಧ ನ್ಯಾಯಾಲಯದಲ್ಲಿ ಹೋರಾಡಿದ ವಕೀಲ ಎಂ. ಸಿ. ಮೆಹ್ತಾ, 2005ರಲ್ಲಿ ಚೆನ್ನೈ ಅಡ್ಯಾರಿನ ಕ್ಯಾನ್ಸರ್ ವೈದ್ಯೆ ವಿ. ಶಾಂತಾ ಇದ್ದಾರೆ. ಗಾಯಕಿಯ ಹೆಸರು ಈ ಸಾಲಿನಲ್ಲಿ ಇರುವುದು ಉಡುಪಿಯವರಿಗೆ ಅಚ್ಚರಿಯಾಗಬಾರದು. ಊರಿನ ಶಾಲೆಯ ಕಟ್ಟಡಕ್ಕೆಂದು ಸಹಾಯಾರ್ಥ ಯಕ್ಷಗಾನ ಆಡಿಸಿ ಹಣ ಕೂಡಿಸುವುದು ನಮ್ಮಲ್ಲಿ ಎಷ್ಟು ಹಳೆಯ ರೂಢಿಯೆಂದು ನಿಮಗೆ ತಿಳಿದೇ ಇದೆ.

ಪ್ರಶ್ನೆ: ಈ ಪ್ರಶಸ್ತಿಯನ್ನು ಬೇಡವೆಂದವರು, ಹಿಂದಿರುಗಿಸಿದವರು ಇದ್ದಾರೆಯೇ? (ಮೂಡುಬಿದಿರೆಯ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಇದ್ದಾರೆ. 2022ರಲ್ಲಿ ಕೇರಳದ ಮಾಜಿ ಆರೋಗ್ಯ ಸಚಿವೆ ಕೆ. ಕೆ. ಶೈಲಜಾ ಅವರು ಪ್ರಶಸ್ತಿಯನ್ನು ಒಪ್ಪಲಿಲ್ಲ. ನಿಫಾ ಮತ್ತು ಕೋವಿಡ್ ವಿರುದ್ಧದ ಕೆಲಸ ಸರ್ಕಾರದ ಸಾಮೂಹಿಕ ಪ್ರಯತ್ನವೆಂಬುದೂ, ಮ್ಯಾಗ್ಸೆಸೆ ತಮ್ಮ ದೇಶದ ಕಮ್ಯುನಿಸ್ಟರನ್ನು ದಮನ ಮಾಡಿದವರೆಂಬುದೂ ಅವರ ಪಕ್ಷ ಕೊಟ್ಟ ಕಾರಣಗಳು. 2002ರಲ್ಲಿ ಸಂದೀಪ್ ಪಾಂಡೆ, ಅಮೆರಿಕದ ಯುದ್ಧನೀತಿಯನ್ನು ಮನಿಲಾದಲ್ಲೇ ಪ್ರತಿಭಟಿಸಿದ ಮೇಲೆ, ಫೋರ್ಡ್ ಪ್ರತಿಷ್ಠಾನದ ನಿಧಿಯಿಂದ ಬಂದ ಪ್ರಶಸ್ತಿಯ ಹಣವನ್ನು ಹಿಂದಿರುಗಿಸಿದರು.

ಆದರೆ ನನ್ನನ್ನು ಬಹಳ ದಿನ ಕಾಡಿದ್ದು ಇಂಡೋನೇಷ್ಯಾದ ಇಬ್ಬರು ಬರಹಗಾರರ ಪ್ರಕರಣ. ಇಂಡೋನೇಷ್ಯಾ ರಾಯಾ ಪತ್ರಿಕೆಯ ಸಂಪಾದಕ ಮೊಖ್ತಾರ್ ಲುಬಿಸ್, ಸುಕರ್ಣೊ ಸರ್ಕಾರದ ಬಂಧನದಲ್ಲಿದ್ದಾಗಲೇ, 1958ರಲ್ಲಿ ಪತ್ರಿಕೋದ್ಯಮದ ಮೊದಲ ಮ್ಯಾಗ್ಸೆಸೆಯನ್ನು ಇನ್ನೊಬ್ಬರೊಂದಿಗೆ ಹಂಚಿಕೊಂಡವರು. 1995ರಲ್ಲಿ ಅದೇ ದೇಶದ ಕಾದಂಬರಿಕಾರ ಪ್ರಮುದ್ಯ ಅನಂತ ತೂರ್ ಅವರಿಗೆ ಪ್ರಶಸ್ತಿ ಘೋಷಣೆಯಾಯಿತು. ಸುಕರ್ಣೊ ನಂತರದ ಸುಹಾರ್ತೊ ಆಡಳಿತದಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಬುರು ದ್ವೀಪದಲ್ಲಿ ಸೆರೆಯಲ್ಲಿದ್ದ ಅವರಿಗೆ ಆಗಲೂ ಊರು ಬಿಟ್ಟು ಹೋಗುವ ಅನುಮತಿ ಇರಲಿಲ್ಲ. ಪತ್ನಿ ಮನಿಲಾಕ್ಕೆ ಹೋಗಿ ಸ್ವೀಕರಿಸಿದರು. ಸುಕರ್ಣೊ ಕಾಲದಲ್ಲಿ ಪ್ರಮುದ್ಯ ತಮ್ಮ ಸಹಲೇಖಕರನ್ನು ಕಾಡಿದವರೆಂದು ಆಪಾದಿಸಿ, ಲುಬಿಸ್ ತಮ್ಮ 1958ರ ಪ್ರಶಸ್ತಿಯನ್ನು ವಾಪಸು ಮಾಡಿದರು. ಇಬ್ಬರೂ ಬರಹಕ್ಕಾಗಿ ಜೈಲು ಕಂಡವರು, ಬೇರೆ ಬೇರೆ ಸರ್ಕಾರಗಳ ಕೈಯಲ್ಲಿ. ಲುಬಿಸರ ನೋವು ಸುಳ್ಳಾಗಿರಲಾರದು. ಆದರೂ ಸಮಿತಿ ಇಬ್ಬರನ್ನೂ ಗೌರವಿಸಿದ್ದು ಸರಿಯೆಂದೇ ನಾನು ಹೇಳುತ್ತೇನೆ. ಬರೆದುದಕ್ಕಾಗಿ ಸೆರೆಗೆ ಹೋದವನ ಪರ ನಿಲ್ಲುವಾಗ ಅವನ ಪಕ್ಷ ಯಾವುದೆಂದು ಕೇಳಿ ನಿಲ್ಲಲಾಗದು.

ಪ್ರಶ್ನೆ: ನಮ್ಮೂರಿನಲ್ಲಿ ನಲವತ್ತು ವರ್ಷ ಬಡವರಿಂದ ಹಣ ಪಡೆಯದೆ ಹೆರಿಗೆ ಮಾಡಿಸಿದ ನಿವೃತ್ತ ದಾದಿಯೊಬ್ಬರಿದ್ದಾರೆ. ಅವರಿಂದ ಅರ್ಜಿ ಹಾಕಿಸಬಹುದೇ? (ಕುಂದಾಪುರದ ಒಬ್ಬ ಓದುಗರು)

ಉತ್ತರ: ಅವರಿಂದ ಹಾಕಿಸಲು ಬರುವುದಿಲ್ಲ. ತನ್ನ ಹೆಸರನ್ನು ತಾನೇ ಸೂಚಿಸಿಕೊಳ್ಳುವುದನ್ನು ಈ ಪ್ರಶಸ್ತಿಯವರು ಒಪ್ಪುವುದಿಲ್ಲ. ಬೇರೆಯವರು ಸೂಚಿಸಬೇಕು, ಆ ಮೇಲೆ ಪ್ರಶಸ್ತಿಯವರ ಕಡೆಯಿಂದ ಪರಿಶೀಲನೆ ನಡೆಯುತ್ತದೆ, ಕೊನೆಯ ತೀರ್ಮಾನ ಪ್ರತಿಷ್ಠಾನದ ಟ್ರಸ್ಟಿಗಳದ್ದು. ಹಾಗಾಗಿ ಮನಿಲಾದ ಮಾತು ಆಮೇಲಾಯಿತು. ಮೊದಲು ನೀವು ಒಂದು ಕೆಲಸ ಮಾಡಿ: ಅವರ ಬಳಿ ಕೂತು, ಯಾವ ಯಾವ ಊರಿಗೆ ಹೇಗೆ ಹೋಗುತ್ತಿದ್ದರು, ಮಳೆಗಾಲದಲ್ಲಿ ಹೊಳೆ ದಾಟುವುದು ಹೇಗಿತ್ತು, ಆಸ್ಪತ್ರೆಗೆ ಕಳಿಸಲೇಬೇಕಾದ ಸಂದರ್ಭವನ್ನು ಹೇಗೆ ಗುರುತಿಸುತ್ತಿದ್ದರು, ಜೊತೆಗೆ ಯಾರಿರುತ್ತಿದ್ದರು ಎಂಬುದನ್ನೆಲ್ಲ ಅವರ ಮಾತಿನಲ್ಲೇ, ಅವರು ಒಪ್ಪಿದರೆ, ಬರೆದುಕೊಳ್ಳಿ. ಅವರು ಕುಂದಗನ್ನಡದಲ್ಲಿ ಹೇಳಿದರೆ ಹಾಗೆಯೇ ಬರೆಯಿರಿ, ತಿದ್ದಬೇಡಿ. ಹೆರಿಗೆಯಾದ ತಾಯಂದಿರಲ್ಲಿ ಮೂರು ನಾಲ್ಕು ಜನರನ್ನೂ ಮಾತಾಡಿಸಿ. ಬರೆದದ್ದನ್ನು ನಮ್ಮ ಕಚೇರಿಗೆ ಕಳಿಸಿಕೊಡಿ. ಎಷ್ಟು ಪುಟವಾದರೂ ಚಿಂತೆಯಿಲ್ಲ, ಮುಂದಿನ ಸಂಚಿಕೆಯಲ್ಲಿ ಸ್ಥಳ ಕಾದಿರಿಸುತ್ತೇನೆ.